ಬಣ್ಣಕ್ಕೆ ಬೆಲೆ ಕಟ್ಟಿದ ಹಾವು

2023ರ ಸೆಪ್ಟೆಂಬರ್ 6. ರಾತ್ರಿ ಹತ್ತೂವರೆ ಸುಮಾರಿಗೆ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ವಿಮಾನದ ಲಗೇಜಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದು ಚಿನ್ನ ಅಲ್ಲ, ಡ್ರಗ್ಸ್ ಅಲ್ಲ, 78 ಪ್ರಾಣಿಗಳು. ಅದರಲ್ಲಿ 55 ಬಾಲ್ ಪೈಥಾನ್, ಅಂದರೆ ಆಫ್ರಿಕಾ ಮೂಲದ ಸಣ್ಣ ಹೆಬ್ಬಾವುಗಳು. ಒಂದೊಂದರ ಬಣ್ಣ ಒಂದೊಂದು ಥರ. 17 ಕಾಳಿಂಗ ಸರ್ಪಗಳು. ಜೊತೆಗೆ ಆರು ಕಪುಚಿನ್ ಕೋತಿಗಳು. ಹಾವುಗಳೆಲ್ಲ ಜೀವಂತ ಇದ್ದವು. ಕೋತಿಗಳು ಆರೂ ಸತ್ತಿದ್ದವು. ಬದುಕಿದ್ದ 72 ಹಾವುಗಳನ್ನು ಬಂದ ದೇಶಕ್ಕೇ ವಾಪಸ್ ಕಳಿಸಲಾಯಿತು.

ಈ ಸುದ್ದಿಯಲ್ಲಿ ಎಲ್ಲರ ಕಣ್ಣಿಗೆ ಬಿದ್ದಿದ್ದು ಕೋತಿಗಳ ಸಾವು. ನನ್ನ ಕಣ್ಣು ನಿಂತಿದ್ದು ಎರಡು ಕಡೆ. ಒಂದು, ಆ 55 ಹೆಬ್ಬಾವುಗಳ ಬಗ್ಗೆ ಅಧಿಕಾರಿಗಳು ಬಳಸಿದ ಮಾತು: 'ಕಲರ್ ಮಾರ್ಫ್'. ಹಾವಿನ ಜಾತಿ ಹೇಳಿದರೆ ಸಾಲದು, ಬಣ್ಣದ ತಳಿಯನ್ನೂ ಹೇಳಬೇಕು ಅನ್ನುವ ಮಟ್ಟಕ್ಕೆ ಈ ವ್ಯಾಪಾರ ಬೆಳೆದಿದೆ. ಎರಡು, ಆ 17 ಕಾಳಿಂಗಗಳು. ಕಾಳಿಂಗ ಸರ್ಪಕ್ಕೆ ಜಗತ್ತಿನಲ್ಲೇ ಹೆಸರಾದ ಆಗುಂಬೆ ಇರುವುದು ಕರ್ನಾಟಕದಲ್ಲಿ. ಅದೇ ಕರ್ನಾಟಕಕ್ಕೆ ಯಾರೋ ಕಾಳಿಂಗವನ್ನು ಸೂಟ್‌ಕೇಸಿನಲ್ಲಿ ತುಂಬಿ ತರುತ್ತಾರೆ! ಮೈಸೂರಿಗೆ ಮೈಸೂರು ಪಾಕ್ ಹೊತ್ತುಕೊಂಡು ಹೋದ ಹಾಗೆ ಅಂತ ನಗಬಹುದು. ಆದರೆ ಇದು ನಗುವ ವಿಷಯ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ. ಈ ಮೂರು ತಾಲ್ಲೂಕಿನ ಜನರಿಗೆ ಹಾವು ಅಂದರೆ ಟಿವಿಯಲ್ಲಿ ನೋಡುವ ವಸ್ತು ಅಲ್ಲ. ಸೌದೆ ಕೊಟ್ಟಿಗೆಯಲ್ಲಿ ಕೈ ಹಾಕುವ ಮುಂಚೆ ಒಮ್ಮೆ ಸದ್ದು ಮಾಡುವುದು, ಬಚ್ಚಲಿಗೆ ಹೋಗುವಾಗ ಲೈಟ್ ಹಾಕುವುದು, ದರಕಿನ ರಾಶಿ ಕೆದಕುವಾಗ ಕೋಲು ಹಿಡಿಯುವುದು ಇಲ್ಲಿ ಯಾರೂ ಹೇಳಿಕೊಡದೆ ಬರುವ ಪಾಠ. ಕೇರೆ, ನಾಗರ, ಕಟ್ಟು ಹಾವು, ಕೊಳಕು ಮಂಡಲ ಅಂತ ಮಕ್ಕಳಿಗೂ ಹೆಸರು ಗೊತ್ತು. ತೋಟದ ಮೂಲೆಯಲ್ಲಿ ನಾಗಬನ ಇರುತ್ತದೆ, ಅಲ್ಲಿ ಕತ್ತಿ ಹಾಕುವ ಹಾಗಿಲ್ಲ. ನಾಗರ ಪಂಚಮಿ ದಿನ ಭೂಮಿ ಅಗೆಯುವ ಹಾಗಿಲ್ಲ. ಭಯವೂ ಇದೆ, ಭಕ್ತಿಯೂ ಇದೆ, ಕೆಲವೊಮ್ಮೆ ದೊಣ್ಣೆಯೂ ಇದೆ. ಆದರೆ ಒಂದು ಮಾತ್ರ ಇರಲಿಲ್ಲ. ಹಾವಿಗೆ ರೇಟು ಇರಲಿಲ್ಲ.

ಬಣ್ಣದ ಹಾವಿಗೆ ವಿದೇಶದಲ್ಲಿ ಸಾವಿರಾರು ಡಾಲರ್ ಕೊಡುತ್ತಾರೆ ಅಂತ ತೀರ್ಥಹಳ್ಳಿ ಕಡೆಯ ನನ್ನ ಹಿರಿಯ ಸಂಬಂಧಿಕರೊಬ್ಬರಿಗೆ ಫೋನಿನಲ್ಲಿ ಹೇಳಿದೆ. ಅಡಿಕೆ ಬೆಳೆಗಾರರು. ಅವರು ನಕ್ಕಿದ್ದೇ ನಕ್ಕಿದ್ದು. "ಎಂತ ಮಾರಾಯ, ದುಡ್ಡು ಕೊಟ್ಟು ಹಾವು ತಗಳ್ತಾರನ? ಇಲ್ಲಿ ಹಿಡ್ಕಂಡು ಹೋಗವ್ರಿಗೆ ನಾವೇ ಕಾಫಿ ಕೊಟ್ಟು ಕಳಿಸ್ತೀವಲ" ಅಂದರು.

ಅವರ ತೋಟದಲ್ಲೇ ಬಣ್ಣದ ಹಾವು ಇದೆ ಅನ್ನುವುದು ಬೇರೆ ಮಾತು. ಮಳೆಗಾಲದಲ್ಲಿ ಆಗುಂಬೆ ಸುತ್ತಮುತ್ತ ತೊರೆ ಪಕ್ಕದ ಗಿಡಗಳ ಮೇಲೆ ಸುರುಳಿ ಸುತ್ತಿ ಕೂರುವ ಗುಳಿಮಂಡಲವನ್ನು ಗಮನಿಸಿ. ಇಂಗ್ಲಿಷಿನವರು ಮಲಬಾರ್ ಪಿಟ್ ವೈಪರ್ ಅನ್ನುತ್ತಾರೆ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಇದರಲ್ಲಿ ಒಂದು ಹಸಿರು, ಇನ್ನೊಂದು ಕಂದು, ಮತ್ತೊಂದು ಹಳದಿ, ಕೆಲವು ಕಿತ್ತಳೆ. ನೋಡಿದವರು ನಾಲ್ಕು ಬೇರೆ ಬೇರೆ ಹಾವು ಅಂದುಕೊಳ್ಳುತ್ತಾರೆ. ಅಲ್ಲ, ಎಲ್ಲವೂ ಒಂದೇ ಜಾತಿ. ಪಾಚಿ ಹಿಡಿದ ಕೊಂಬೆಯ ಮೇಲೆ ಒಂದು ಬಣ್ಣ ಕಾಣಿಸುವುದಿಲ್ಲ, ಒಣಗಿದ ಎಲೆಗಳ ನಡುವೆ ಇನ್ನೊಂದು ಕಾಣಿಸುವುದಿಲ್ಲ. ಪ್ರಕೃತಿ ಇಲ್ಲಿ ಯಾರ ಆರ್ಡರೂ ಇಲ್ಲದೆ ಕಲರ್ ಮಾರ್ಫ್ ಮಾಡಿಟ್ಟಿದೆ. ಒಂದೇ ವ್ಯತ್ಯಾಸ. ಇಲ್ಲಿ ಬಣ್ಣ ಇರುವುದು ಹಾವು ಬದುಕಲಿಕ್ಕೆ. ಅಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹಾವು ಇರುವುದು ಬಣ್ಣಕ್ಕಾಗಿ.

ಈ ಮಾರುಕಟ್ಟೆ ಹುಟ್ಟಿದ್ದು ಹೇಗೆ? ಸ್ವಲ್ಪ ಹಿಂದಕ್ಕೆ ಹೋಗೋಣ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ದಕ್ಷಿಣ ಅಮೆರಿಕದ ಒಂದು ದಪ್ಪ ಹಾವಿಗೆ ಬೋವಾ ಕನ್‌ಸ್ಟ್ರಿಕ್ಟರ್ ಅಂತ ಹೆಸರಿಟ್ಟ. ವಿಷ ಇಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ನಮ್ಮ ಹೆಬ್ಬಾವಿನ ಹಾಗೇ ಕಂಡರೂ ಅದು ಬೇರೆ ಕುಟುಂಬ. ಹೆಬ್ಬಾವು ಮೊಟ್ಟೆ ಇಡುತ್ತದೆ, ಬೋವಾ ಮರಿ ಹಾಕುತ್ತದೆ. ಒಂದು ಸಲಕ್ಕೆ ಇಪ್ಪತ್ತು, ಮೂವತ್ತು ಮರಿ ಸಾಮಾನ್ಯ. ಸಾಕುವುದು ಸುಲಭ, ಇಲಿ ಕೊಟ್ಟರೆ ತಿನ್ನುತ್ತದೆ, ದಶಕಗಳ ಕಾಲ ಬದುಕುತ್ತದೆ. ಅಮೆರಿಕದ ಹವ್ಯಾಸಿಗಳ ಮನೆಗೆ ಕೊಲಂಬಿಯಾದಿಂದ ಬೋವಾಗಳು ರಾಶಿ ರಾಶಿಯಾಗಿ ಹೋದವು. ಅಲ್ಲಿಯವರೆಗೆ ಇದು ಸಾಮಾನ್ಯ ಸಾಕುಪ್ರಾಣಿ ವ್ಯಾಪಾರ.

ಆಟ ಬದಲಾಗಿದ್ದು ಆಲ್ಬಿನೊ ಬಂದ ಮೇಲೆ. ಕಾಡಿನಲ್ಲಿ ಎಲ್ಲೋ ಸಾವಿರಾರಕ್ಕೆ ಒಂದು ಹಾವು ಕಪ್ಪು ವರ್ಣದ್ರವ್ಯ ಇಲ್ಲದೆ ಹುಟ್ಟುತ್ತದೆ. ಕಪ್ಪು ಹೋದರೂ ಹಳದಿ ಉಳಿದಿರುತ್ತದೆ. ಹಾಗಾಗಿ ಆಲ್ಬಿನೊ ಹಾವು ಸುಣ್ಣದ ಹಾಗೆ ಬಿಳಿ ಅಲ್ಲ, ಬಿಳಿ-ಹಳದಿ ಪಟ್ಟೆ, ಕೆಂಪು ಕಣ್ಣು. ಕಾಡಿನಲ್ಲಿ ಇಂಥದ್ದು ಹೆಚ್ಚು ದಿನ ಬಾಳುವುದು ಕಷ್ಟ. ಹದ್ದಿಗೂ ಕಾಣುತ್ತದೆ, ಬೇಟೆಗೂ ಕಾಣುತ್ತದೆ. ನಮ್ಮಲ್ಲೂ ಆಗಾಗ ಬಿಳಿ ನಾಗರಹಾವು ಸಿಕ್ಕಿತು ಅಂತ ಸುದ್ದಿ ಬರುತ್ತದೆ, ಜನ ಕೈ ಮುಗಿಯುತ್ತಾರೆ. ಅದು ಪವಾಡ ಅಲ್ಲ, ಒಂದು ಜೀನ್ ಕೆಟ್ಟಿರುವುದು, ಅಷ್ಟೇ. ಆದರೆ ಆ ಕೆಟ್ಟ ಜೀನನ್ನು ಮರಿಗೆ ದಾಟಿಸಬಹುದು. 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಅನ್ನುವವರು ಆಲ್ಬಿನೊ ಬಾಲ್ ಪೈಥಾನ್ ಮರಿಗಳನ್ನು ಮೊದಲ ಬಾರಿಗೆ ಮನೆಯಲ್ಲೇ ಹುಟ್ಟಿಸಿದರು. ಕಾಡಿನಿಂದ ಹಿಡಿದು ತಂದ ಸಾದಾ ಹಾವಿಗೆ ಜುಜುಬಿ ಬೆಲೆ. ಈ ಮರಿಗಳಿಗೆ ಸಾವಿರಾರು ಡಾಲರ್. ಅದೇ ದಶಕದಲ್ಲಿ ಬೋವಾದ ಆಲ್ಬಿನೊಗಳೂ ಮಾರುಕಟ್ಟೆಗೆ ಬಂದವು. ಹಾವು ಸಾಕುವ ಹವ್ಯಾಸ ಹಾವಿನ ಹೂಡಿಕೆ ಆಯಿತು.

ನಾನು ಇಂಜಿನಿಯರಿಂಗ್ ಓದಿದವನು. ಈ ವ್ಯಾಪಾರದ ಹಿಂದಿರುವ ಗಣಿತ ನೋಡಿದಾಗ ಕ್ಲಾಸಿನ ಪ್ರೊಬಬಿಲಿಟಿ ನೆನಪಾಯಿತು. ಆಲ್ಬಿನೊ ಅನ್ನುವುದು ಅಡಗಿರುವ ಗುಣ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿ ಬಂದರೆ ಮಾತ್ರ ಮರಿಯ ಮೈಮೇಲೆ ಕಾಣುತ್ತದೆ. ಒಂದೇ ಬಂದರೆ ಹಾವು ನೋಡಲು ಸಾದಾ, ಒಳಗೆ ಗುಣ ಇಟ್ಟುಕೊಂಡಿರುತ್ತದೆ. ಬ್ರೀಡರ್‌ಗಳು ಇದಕ್ಕೆ 'ಹೆಟ್' ಅನ್ನುತ್ತಾರೆ. ಒಂದು ಆಲ್ಬಿನೊ ಬೋವಾವನ್ನು ಸಾದಾ ಬೋವಾ ಜೊತೆ ಕೂಡಿಸಿದರೆ ಮರಿಗಳೆಲ್ಲ ಸಾದಾ, ಎಲ್ಲವೂ ಹೆಟ್. ಅವು ಬೆಳೆಯಲು ಮೂರ್ನಾಲ್ಕು ವರ್ಷ ಕಾಯಬೇಕು. ಆಮೇಲೆ ಅಣ್ಣ-ತಂಗಿಯನ್ನೇ ಕೂಡಿಸಿದರೆ, 24 ಮರಿಯಲ್ಲಿ ಸರಾಸರಿ ಆರು ಆಲ್ಬಿನೊ. ಉಳಿದ 18 ಸಾದಾ. ಆ 18ರಲ್ಲಿ 12 ಹೆಟ್, ಆರಕ್ಕೆ ಆ ಗುಣವೇ ಇಲ್ಲ. ಯಾವುದು ಯಾವುದು ಅಂತ ಕಣ್ಣಿನಿಂದ ಹೇಳಲು ಬರುವುದಿಲ್ಲ. ಆಗ ಏನು ಮಾಡುತ್ತಾರೆ? '66 ಪರ್ಸೆಂಟ್ ಪಾಸಿಬಲ್ ಹೆಟ್' ಅಂತ ಚೀಟಿ ಅಂಟಿಸಿ ಮಾರುತ್ತಾರೆ. ಲಾಟರಿ ಟಿಕೆಟ್‌ಗೆ ಜೀವ ಬಂದು ಹರಿದಾಡಿದರೆ ಹೇಗೆ, ಹಾಗೆ.

ಇನ್ನೂ ಒಂದು ಸ್ವಾರಸ್ಯ ಇದೆ. ಬೋವಾದಲ್ಲಿ ಕಾಲ್ ಮತ್ತು ಶಾರ್ಪ್ ಅಂತ ಎರಡು ಹೆಸರಾಂತ ಆಲ್ಬಿನೊ ವಂಶಗಳಿವೆ. ನೋಡಲು ಎರಡೂ ಆಲ್ಬಿನೊ. ಆದರೆ ಒಂದನ್ನು ಇನ್ನೊಂದರ ಜೊತೆ ಕೂಡಿಸಿದರೆ ಮರಿಗಳೆಲ್ಲ ಸಾದಾ ಬಣ್ಣ! ಅದು ಹೇಗೆ? ನಮ್ಮೂರಿನ ಅಡಿಕೆ ಸುಲಿಯುವ ಮಷಿನ್ ಉದಾಹರಣೆ ಕೊಡುತ್ತೇನೆ. ಎರಡು ಮನೆಯಲ್ಲಿ ಎರಡು ಮಷಿನ್ ನಿಂತಿವೆ. ಒಂದರ ಬೆಲ್ಟ್ ಹೋಗಿದೆ, ಇನ್ನೊಂದರ ಮೋಟಾರ್ ಸುಟ್ಟಿದೆ. ಎರಡನ್ನೂ ಜೋಡಿಸಿ ಒಂದು ಮಾಡಿದರೆ ಓಡುತ್ತದೆ. ಇಲ್ಲೂ ಅಷ್ಟೇ. ಎರಡು ವಂಶದಲ್ಲಿ ಕೆಟ್ಟಿರುವುದು ಎರಡು ಬೇರೆ ಬೇರೆ ಜೀನ್. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ, ಕಪ್ಪು ಬಣ್ಣ ವಾಪಸ್ ಬರುತ್ತದೆ.

ಈ ಹವ್ಯಾಸಿಗಳನ್ನೆಲ್ಲ ಕಳ್ಳರು ಅಂತ ಒಂದೇ ಏಟಿಗೆ ಬೈಯುವುದು ಸುಲಭ, ಆದರೆ ಸರಿ ಅಲ್ಲ. ಇವರಲ್ಲಿ ಎಷ್ಟೋ ಜನರಿಗೆ ಹಾವಿನ ಬಗ್ಗೆ ಇರುವ ತಿಳಿವಳಿಕೆ ದೊಡ್ಡದು. ಬಾಲ್ ಪೈಥಾನ್‌ನ ಆಲ್ಬಿನೊ ಬಣ್ಣಕ್ಕೆ ಯಾವ ಜೀನ್ ಕಾರಣ ಅಂತ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪತ್ತೆ ಮಾಡಿದಾಗ ಅದಕ್ಕೆ ಬೇಕಾದ ಡಿಎನ್‌ಎ ಬಂದಿದ್ದು ಹವ್ಯಾಸಿಗಳು ಕಳಿಸಿಕೊಟ್ಟ ಹಾವಿನ ಪೊರೆಯಿಂದ. ಹಾವಿಗೆ ಒಂದು ಸೂಜಿಯೂ ಚುಚ್ಚಲಿಲ್ಲ. ಸಾಕಿದ ಹಾವಿನಿಂದಲೇ ಮರಿ ಬಂದರೆ ಕಾಡಿನಿಂದ ಹಿಡಿಯುವುದು ತಪ್ಪುತ್ತದೆ ಅನ್ನುವುದು ಅವರ ವಾದ. ಆ ವಾದದಲ್ಲಿ ಸತ್ಯ ಇಲ್ಲದೆ ಇಲ್ಲ.

ಅಷ್ಟಕ್ಕೂ ಅಪರೂಪದ್ದನ್ನು ಹುಡುಕಿ ತಳಿ ಮಾಡುವ ಹುಚ್ಚು ನಮಗೆ ಹೊಸದಾ? ಸಾಗರ, ಹೊಸನಗರ, ರಿಪ್ಪನ್‌ಪೇಟೆ ಕಡೆಯ ಅಪ್ಪೆಮಿಡಿ ಪ್ರೇಮಿಗಳನ್ನು ಕೇಳಿ. ಶರಾವತಿ, ವರದಾ ದಡದ ಕಾಡಿನಲ್ಲಿ ಯಾವುದೋ ಒಂದು ಮರದ ಮಿಡಿಗೆ ಜೀರಿಗೆಯ ಪರಿಮಳ ಇರುತ್ತದೆ, ಇನ್ನೊಂದಕ್ಕೆ ಕರ್ಪೂರದ್ದು. ಅದನ್ನು ಹುಡುಕಿಕೊಂಡು ಮೈಲಿಗಟ್ಟಲೆ ನಡೆದು, ಮರ ಹತ್ತಿ, ಕುಡಿ ತಂದು, ಕಸಿ ಕಟ್ಟಿ, ಅನಂತಭಟ್ಟನ ಅಪ್ಪೆ ಅಂತ ಹೆಸರಿಟ್ಟು ಉಳಿಸಿಕೊಂಡವರು ನಮ್ಮವರೇ. 2009ರಲ್ಲಿ ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿತು. ಇದೂ ಕಲರ್ ಮಾರ್ಫ್ ಹುಚ್ಚಿನ ಅಣ್ಣನೇ. ಬಣ್ಣದ ಬದಲು ಪರಿಮಳ.

ಹಾಗಾದರೆ ಎರಡೂ ಒಂದೇನಾ? ಅಲ್ಲ. ಕಸಿ ಕಟ್ಟಿದಾಗ ತಾಯಿ ಮರಕ್ಕೆ ಏನೂ ಆಗುವುದಿಲ್ಲ, ಅದು ಹೊಳೆ ದಂಡೆಯಲ್ಲೇ ಇರುತ್ತದೆ. ಬೇಡದ ಕುಡಿ ಬಿಸಾಡಿದರೆ ಗೊಬ್ಬರ. ಹಾವಿನ ವಿಷಯದಲ್ಲಿ ಪ್ರಶ್ನೆ ಇರುವುದು ಉಳಿದ ಆ 18 ಮರಿಗಳದ್ದು. ಬಣ್ಣ ಬಾರದ ಮರಿಯನ್ನು ಯಾರು ಸಾಕುತ್ತಾರೆ? ಎರಡು ಗುಣ ಸೇರಿಸಬೇಕೆಂದರೆ 16ರಲ್ಲಿ ಒಂದು, ಮೂರು ಸೇರಿಸಬೇಕೆಂದರೆ 64ರಲ್ಲಿ ಒಂದು. ಬಣ್ಣ ಅಪರೂಪವಾದಷ್ಟೂ ಬೇಡದ ಮರಿಗಳ ಸಂಖ್ಯೆ ಏರುತ್ತದೆ. ಎಲ್ಲರ ಮನೆಯಲ್ಲೂ ಆಲ್ಬಿನೊ ಆದ ಮೇಲೆ ಅದರ ಬೆಲೆ ಬೀಳುತ್ತದೆ. ಆಗ ಹೊಸ ಬಣ್ಣ ಬೇಕು. ಶುಂಠಿ ರೇಟು ಏರಿದ ವರ್ಷ ಎಲ್ಲರೂ ಗದ್ದೆಗೆ ಶುಂಠಿ ಹಾಕಿ, ಮುಂದಿನ ವರ್ಷ ತಲೆ ಮೇಲೆ ಕೈ ಹೊತ್ತು ಕೂತ ಕಥೆ ಮಲೆನಾಡಿಗೆ ಹೇಳಿಕೊಡಬೇಕಾಗಿಲ್ಲ. ಶುಂಠಿಯನ್ನು ಮಣ್ಣಲ್ಲೇ ಬಿಡಬಹುದು. ಬೋವಾವನ್ನು ಎಲ್ಲಿ ಬಿಡುತ್ತೀರಿ?

ಬಣ್ಣಕ್ಕೆ ಹಾವು ಕೊಟ್ಟ ಬೆಲೆಯೂ ಇದೆ. 'ಸ್ಪೈಡರ್' ಅನ್ನುವ ಬಾಲ್ ಪೈಥಾನ್ ತಳಿ 1999ರಲ್ಲಿ ಬಂತು. ಜೇಡರ ಬಲೆಯಂಥ ಚೆಂದದ ಗೆರೆ. ಆದರೆ ಆ ಗುಣ ಇರುವ ಹಾವಿಗೆ ತಲೆ ನಿಲ್ಲುವುದಿಲ್ಲ, ತೂಗುತ್ತದೆ, ತಿರುಚುತ್ತದೆ, ಇಲಿ ಹಿಡಿಯಲು ಹೋದರೆ ಗುರಿ ತಪ್ಪುತ್ತದೆ. ಗೆರೆ ಬೇಕಾದರೆ ಆ ತೂಗಾಟವೂ ಬರುತ್ತದೆ, ಬೇರೆ ಮಾಡಲು ಆಗಲಿಲ್ಲ. 2018ರಲ್ಲಿ ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪೆಟಾಲಜಿಕಲ್ ಸೊಸೈಟಿ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರಾಟವನ್ನೇ ನಿಲ್ಲಿಸಿತು. ಹವ್ಯಾಸಿಗಳ ಸಂಘವೇ ತನ್ನ ಹವ್ಯಾಸಕ್ಕೆ ಗೆರೆ ಎಳೆದ ಸಂದರ್ಭ ಅದು.

ಬಣ್ಣದ ಆಸೆ ಕಳ್ಳತನಕ್ಕೆ ದಾರಿ ಮಾಡುತ್ತದೆ ಅನ್ನುವುದಕ್ಕೆ ಬೋವಾದ ಒಂದು ಕಥೆ ಸಾಕು. 2006ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊ ಪಕ್ಕದ ನಿತೆರೊಯ್ ನಗರದಲ್ಲಿ ಒಂದು ಬಿಳಿ ಬೋವಾ ಸಿಕ್ಕಿತು. ಇದು ಆಲ್ಬಿನೊ ಅಲ್ಲ. ಹಾಲಿನಂತೆ ಬಿಳಿ ಮೈ, ಕಪ್ಪು ಕಣ್ಣು. ಅಂಥ ಬೋವಾ ಮಾರುಕಟ್ಟೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಅಲ್ಲಿನ ಮೃಗಾಲಯ ಸೇರಿದ ಆ ಹಾವು ಕೆಲವು ವರ್ಷದಲ್ಲಿ ಗಯಾನಾ ಮೂಲಕ ಗಡಿ ದಾಟಿ ಅಮೆರಿಕದ ಯೂಟಾ ರಾಜ್ಯದ ಬ್ರೀಡರ್ ಒಬ್ಬನ ಕೈ ಸೇರಿತು. ಅಮೆರಿಕದ ವನ್ಯಜೀವಿ ಅಧಿಕಾರಿಗಳು ತನಿಖೆ ಮಾಡಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಸಾಕಿದ ಹಾವಿನಿಂದಲೇ ಮರಿ ಮಾಡುತ್ತೇವೆ ಅನ್ನುವ ವಾದ ಎಲ್ಲಿ ಮುರಿಯುತ್ತದೆ ನೋಡಿ. ಮೊದಲ ಹಾವು ಯಾವಾಗಲೂ ಎಲ್ಲಿಂದಲೋ ಬಂದಿರಬೇಕು.

ಈಗ ಭಾರತಕ್ಕೆ ಬರೋಣ. ನಮ್ಮಲ್ಲಿ ಹಾವಿನ ವ್ಯಾಪಾರ ಮೂರು ಕಾಲ ಕಂಡಿದೆ.

ಮೊದಲನೆಯದು ಚರ್ಮದ ಕಾಲ. ಪರ್ಸು, ಬೆಲ್ಟು, ಚಪ್ಪಲಿಗಾಗಿ ಕೇರೆ, ಹೆಬ್ಬಾವು, ನಾಗರ ಎಲ್ಲದರ ಚರ್ಮ ಸುಲಿದು ಯುರೋಪಿಗೆ ಹಡಗು ಹತ್ತಿಸಿದ ಕಾಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ನಂತರದ ರಫ್ತು ನಿರ್ಬಂಧಗಳು ಇದಕ್ಕೆ ತಡೆ ಹಾಕಿದವು. ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿ, ಹಾವು ಕೊಲ್ಲದೆ ವಿಷ ತೆಗೆದು ಬಿಡುವ ಕೆಲಸಕ್ಕೆ ಬಂದರು. ಇವತ್ತು ಆಸ್ಪತ್ರೆಯಲ್ಲಿ ಸಿಗುವ ಹಾವು ಕಡಿತದ ಔಷಧಿಯ ಹಿಂದೆ ಅವರ ಶ್ರಮ ಇದೆ.

ಎರಡನೆಯದು ಮೂಢನಂಬಿಕೆಯ ಕಾಲ. ಇದು ನೇರವಾಗಿ ಬೋವಾಗೇ ಸಂಬಂಧಿಸಿದ್ದು. ಭಾರತದಲ್ಲೂ ಬೋವಾ ಜಾತಿಯ ಹಾವಿದೆ. ನಾವು ಮಣ್ಣುಮುಕ್ಕ ಅನ್ನುತ್ತೇವೆ, ಎರಡು ತಲೆ ಹಾವು ಅನ್ನುತ್ತೇವೆ, ಇಂಗ್ಲಿಷಿನಲ್ಲಿ ರೆಡ್ ಸ್ಯಾಂಡ್ ಬೋವಾ. ಮಲೆನಾಡಿನ ಜೌಗಿನದ್ದಲ್ಲ, ಬಯಲುಸೀಮೆಯ ಒಣ ಮಣ್ಣಿನ ಹಾವು. ಬಾಲ ಮೊಂಡಾಗಿ ತಲೆಯ ಹಾಗೇ ಕಾಣುತ್ತದೆ. ವೈರಿ ಬಂದರೆ ತಲೆ ಅಡಗಿಸಿ ಬಾಲ ತೋರಿಸುತ್ತದೆ. ಅಷ್ಟೇ ಅದರ ಮಾಯೆ. ಆದರೆ ಇದು ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ, ನಿಧಿ ಸಿಗುತ್ತದೆ ಅಂತ ಯಾರೋ ಹಬ್ಬಿಸಿದರು. ತೂಕದ ಮೇಲೆ ಲಕ್ಷ, ಕೋಟಿ ಅಂತ ರೇಟು ಹೇಳುವವರು ಹುಟ್ಟಿಕೊಂಡರು. ಕೊಳ್ಳುವವನಿಗೆ ನಿಧಿ ಸಿಗಲಿಲ್ಲ, ಮಾರುವವನಿಗೆ ಜೈಲು, ಹಾವಿಗೆ ಸಾವು. ಡಬ್ಲ್ಯುಸಿಎಸ್-ಇಂಡಿಯಾ ಸಂಸ್ಥೆ ಮಾಧ್ಯಮ ವರದಿಗಳನ್ನು ಕಲೆ ಹಾಕಿದಾಗ 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣ ಸಿಕ್ಕಿದವು. ಇವು ಸಿಕ್ಕಿಬಿದ್ದ ಪ್ರಕರಣಗಳು ಮಾತ್ರ.

ಮೂರನೆಯದು ಬಣ್ಣದ ಕಾಲ. ಅದು ಈಗ ನಡೆಯುತ್ತಿರುವುದು. 1972ರ ಕಾಯ್ದೆ ಬರೆದವರು ನೋಡಿದ್ದು ನಮ್ಮ ದೇಶದ ಪ್ರಾಣಿಗಳನ್ನು. ನಾಗರಹಾವು, ಹೆಬ್ಬಾವು ಸಾಕುವ ಹಾಗಿಲ್ಲ ಅಂತ ಕಾನೂನು ಇತ್ತು. ಬ್ರೆಜಿಲ್‌ನ ಬೋವಾ, ಆಫ್ರಿಕಾದ ಬಾಲ್ ಪೈಥಾನ್ ಬಗ್ಗೆ ಅದರಲ್ಲಿ ಮಾತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಹಿಡಿದರೆ ಉಂಟು, ಹೊರಗೆ ಬಂದು ಮನೆ ಸೇರಿತೋ, ಕೇಳುವವರಿಲ್ಲ. ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರದ 'ಸೈಟಿಸ್' ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿತ್ತು. ಅದರ ಪಟ್ಟಿಯನ್ನು ನಮ್ಮ ಕಾಯ್ದೆಯೊಳಗೆ ತರಲು 2022ರ ತಿದ್ದುಪಡಿವರೆಗೆ ಕಾಯಬೇಕಾಯಿತು. ನಡುವೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ನಿಮ್ಮ ಬಳಿ ಇರುವ ವಿದೇಶಿ ಪ್ರಾಣಿಗಳನ್ನು ಆರು ತಿಂಗಳೊಳಗೆ ತಾವಾಗಿ ಘೋಷಿಸಿ, ದಾಖಲೆ ಕೇಳುವುದಿಲ್ಲ ಅಂತ ಅವಕಾಶ ಕೊಟ್ಟಿತು. ತಿದ್ದುಪಡಿ ಜಾರಿಗೆ ಬಂದಿದ್ದು 2023ರ ಏಪ್ರಿಲ್ 1ಕ್ಕೆ. ನೋಂದಣಿ ನಿಯಮ ಬಂದಿದ್ದು 2024ರ ಫೆಬ್ರವರಿಯಲ್ಲಿ, ಇದ್ದ ಪ್ರಾಣಿಗಳನ್ನು ಪರಿವೇಶ್ ಪೋರ್ಟಲ್‌ನಲ್ಲಿ ದಾಖಲಿಸಲು ಆಗಸ್ಟ್‌ವರೆಗೆ ಗಡುವು. 46 ವರ್ಷದ ಆ ಸಂದಿಯಲ್ಲಿ ಏನೇನು ನುಸುಳಿತೋ ಲೆಕ್ಕ ಇಟ್ಟವರು ಯಾರು?

ಕಾನೂನು ಬಂದ ಮೇಲೂ ಬ್ಯಾಗುಗಳು ನಿಲ್ಲಲಿಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಬೆಂಗಳೂರು ನಿಲ್ದಾಣದಲ್ಲಿ ಟ್ರಾಲಿ ಬ್ಯಾಗಿನೊಳಗೆ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಇಗ್ವಾನಾ, ಆಮೆಗಳ ಜೊತೆ ಒಂದು ಕಾಂಗರೂ ಮರಿ. ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಮತ್ತೊಬ್ಬ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾ. ಅನಕೊಂಡಾ ಅಂದರೂ ಬೋವಾ ಕುಟುಂಬವೇ. ಎಲ್ಲವೂ ಬ್ಯಾಂಕಾಕ್ ದಾರಿ.

"ಇದೆಲ್ಲ ಬೆಂಗಳೂರಿನ ದುಡ್ಡಿನವರ ಶೋಕಿ, ಮಲೆನಾಡಿಗೆ ಏನು ಸಂಬಂಧ" ಅಂತ ಕೇಳಬಹುದು. ಸಂಬಂಧ ಇದೆ. ಆ 17 ಕಾಳಿಂಗಗಳಿಗೆ ವಾಪಸ್ ಬರುತ್ತೇನೆ.

ರೊಮುಲಸ್ ವಿಟೇಕರ್ ಹೆಸರು ನಿಮಗೆ ಗೊತ್ತಿರುತ್ತದೆ. ಮದ್ರಾಸ್ ಸ್ನೇಕ್ ಪಾರ್ಕ್ ಕಟ್ಟಿದವರು. 1970ರ ದಶಕದ ಆರಂಭದಲ್ಲೇ ಕಾಳಿಂಗ ಹುಡುಕಿಕೊಂಡು ಆಗುಂಬೆಗೆ ಬಂದಿದ್ದ ಅವರು, 2005ರಲ್ಲಿ ಅಲ್ಲೇ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. 2008ರಿಂದ ಕಾಳಿಂಗದ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಸುರಿವ ಮಳೆಯಲ್ಲಿ, ಉಂಬಳದ ನಡುವೆ, ಅದರ ಹಿಂದೆ ನಡೆದರು. ಅದು ಎಲ್ಲಿ ಹೋಗುತ್ತದೆ, ಏನು ತಿನ್ನುತ್ತದೆ, ಎಷ್ಟು ದೂರ ಓಡಾಡುತ್ತದೆ ಎಲ್ಲ ಬರೆದಿಟ್ಟರು. ಕೇರೆ, ನಾಗರ, ಬಣ್ಣ ಬಣ್ಣದ ಗುಳಿಮಂಡಲ, ಎಲ್ಲವೂ ಅದಕ್ಕೆ ಊಟ. ಕಾಳಿಂಗಕ್ಕೆ ಮಾರ್ಫ್ ಭೇದ ಇಲ್ಲ!

ಈ ಕೆಲಸದಲ್ಲಿ ಬೆಳೆದವರು ಗೌರಿಶಂಕರ್. 2005ರಲ್ಲಿ ಅವರಿಗೆ ಕಾಳಿಂಗ ಕಡಿಯಿತು. ಭಾರತದಲ್ಲಿ ಸಿಗುವ ಔಷಧಿ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಕಾಳಿಂಗಕ್ಕೆ ಔಷಧಿ ಮಾಡುವುದು ಥಾಯ್ಲೆಂಡ್. ಅದನ್ನು ಕೊಟ್ಟರೂ ಸರಿಯಾಗಿ ಕೆಲಸ ಮಾಡಲಿಲ್ಲ. ಅವರು ಬದುಕಿದರು, ಜೊತೆಗೆ ಒಂದು ಪ್ರಶ್ನೆ ಬದುಕಿತು. ಅಲ್ಲಿನ ಕಾಳಿಂಗ, ಇಲ್ಲಿನ ಕಾಳಿಂಗ ಒಂದೇನಾ? ಉತ್ತರ ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. 1836ರಿಂದ ಒಂದೇ ಜಾತಿ ಅಂದುಕೊಂಡಿದ್ದ ಕಾಳಿಂಗ ಸರ್ಪ ಒಂದಲ್ಲ, ನಾಲ್ಕು ಜಾತಿ ಅಂತ ಗೌರಿಶಂಕರ್ ಮತ್ತು ಸಂಗಡಿಗರ ಸಂಶೋಧನೆ ಹೇಳಿತು. ಪಶ್ಚಿಮ ಘಟ್ಟದ ಜಾತಿಗೆ ಇಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ನಮ್ಮ ಅಜ್ಜಿಯರು ಕರೆದ ಹೆಸರೇ ವಿಜ್ಞಾನದ ಹೆಸರಾಯಿತು. ಈ ನಾಲ್ಕರಲ್ಲಿ ಘಟ್ಟದ ಕಾಳಿಂಗ ಬೇರೆ ಎಲ್ಲೂ ಇಲ್ಲ. ಥಾಯ್ಲೆಂಡ್‌ನಲ್ಲಿ ಇರುವುದು ಬೇರೆ ಎರಡು ಜಾತಿ.

ಈಗ ಯೋಚನೆ ಮಾಡಿ. ಆ ರಾತ್ರಿ ಸಿಕ್ಕಿದ 17 ಕಾಳಿಂಗ ಸಿಗದೇ ಹೋಗಿದ್ದರೆ? ಸಾಕಿದವನಿಗೆ ಬೇಸರವಾಗಿಯೋ ಭಯವಾಗಿಯೋ, "ಹೆಂಗೂ ಕಾಳಿಂಗದ ಕಾಡು" ಅಂತ ಆಗುಂಬೆ ಘಾಟಿಯಲ್ಲಿ ಬಿಟ್ಟುಹೋಗಿದ್ದರೆ? ಅವು ಇಲ್ಲಿನ ಕಾಳಿಂಗದ ಜೊತೆ ಸೇರಿದರೆ ಲಕ್ಷಾಂತರ ವರ್ಷದಲ್ಲಿ ಬೇರೆಯಾದ ವಂಶ ಕಲಬೆರಕೆ ಆಗಬಹುದು. ಸೇರದಿದ್ದರೂ ರೋಗ ತರಬಹುದು. ಸಾಕಿದ ಬೋವಾಗಳಲ್ಲಿ ಐಬಿಡಿ ಅನ್ನುವ ಮಾರಕ ಕಾಯಿಲೆ 1970ರ ದಶಕದಿಂದ ಇದೆ. ಅದಕ್ಕೆ ಅರೀನಾ ವೈರಸ್ ಕಾರಣ ಅಂತ ಸುಳಿವು ಸಿಕ್ಕಿದ್ದು 2012ರಲ್ಲಿ. ಎಷ್ಟೋ ಬೋವಾಗಳು ಹೊರಗೆ ಏನೂ ತೋರಿಸದೆ ಒಳಗೆ ವೈರಸ್ ಇಟ್ಟುಕೊಂಡಿರುತ್ತವೆ. ಚಂದದ ಹಾವು ಅಂದ ಮಾತ್ರಕ್ಕೆ ಆರೋಗ್ಯದ ಹಾವು ಅಲ್ಲ.

ಕಾಡಿನ ಕಣ್ಣಿಗೆ ಕಾಣದ ಜೀವಿ ಮನುಷ್ಯನಿಗೆ ದಾಟಿದರೆ ಏನಾಗುತ್ತದೆ ಅಂತ ಶಿವಮೊಗ್ಗ ಜಿಲ್ಲೆಗೆ ಯಾರೂ ಪಾಠ ಮಾಡಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಆಮೇಲೆ ಜನ ಸತ್ತರು. 2019ರ ಹೊತ್ತಿಗೆ ಸಾಗರದ ಅರಲಗೋಡು ಅದೇ ಮಂಗನ ಕಾಯಿಲೆಯಿಂದ ನಡುಗಿತು. ಅದು ನಮ್ಮದೇ ಕಾಡಿನ ಉಣ್ಣೆ ಹರಡಿದ ಕಾಯಿಲೆ. ಇಲ್ಲಿ ದಕ್ಷಿಣ ಅಮೆರಿಕದ ಆರು ಸತ್ತ ಕೋತಿಗಳು ಬ್ಯಾಗಿನೊಳಗೆ ಬೆಂಗಳೂರಿಗೆ ಬಂದಿದ್ದವು. ಯಾಕೆ ಸತ್ತವು ಅಂತ ಕೇಳಬೇಕಾದ ಮೊದಲ ಜಿಲ್ಲೆ ನಮ್ಮದಲ್ಲವೇ?

ಬಣ್ಣದ ಸಾಕು ಹಾವು ಹೊರಗೆ ಬಂದರೆ ಬದುಕುವುದಿಲ್ಲ ಬಿಡಿ ಅನ್ನುವವರಿಗೆ ಸ್ಪೇನ್‌ನ ಗ್ರಾನ್ ಕನೇರಿಯಾ ದ್ವೀಪ ಉತ್ತರ. ಅಲ್ಲಿ ಮೂಲದಲ್ಲಿ ಹಾವೇ ಇರಲಿಲ್ಲ. ಸಾಕಿದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ಗಳು 1990ರ ದಶಕದ ಕೊನೆಗೆ ಹೊರಗೆ ಕಾಣಿಸಿಕೊಂಡವು. ಇವತ್ತು ಅಲ್ಲಿ ಕಲ್ಲು ಎತ್ತಿದರೆ ಆಲ್ಬಿನೊ ಹಾವು ಸಿಗುತ್ತದೆ. ಕಾಡಿನಲ್ಲಿ ಬಾಳದು ಅಂದುಕೊಂಡಿದ್ದ ಬಿಳಿ ಹಾವು, ತನ್ನನ್ನು ಹಿಡಿಯುವ ವೈರಿ ಇಲ್ಲದ ಕಡೆ ಚೆನ್ನಾಗಿಯೇ ಬಾಳಿತು. ಮೂಲದಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಆ ದ್ವೀಪದ ದೊಡ್ಡ ಹಲ್ಲಿ, ಹಾವು ಹಬ್ಬಿದ ಜಾಗದಲ್ಲೆಲ್ಲ ಹೆಚ್ಚುಕಡಿಮೆ ಖಾಲಿ. ಯಾರದೋ ಮನೆಯ ಗಾಜಿನ ಪೆಟ್ಟಿಗೆಯಿಂದ ಶುರುವಾದ ಕಥೆ ಇದು.

ಸಾಕಿ ಮರಿ ಮಾಡಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗ ಸರ್ಪದ ಮರಿ ಮಾಡಿಸಿದ್ದಾರೆ. ಅಲ್ಲಿ ಬೇಕಾಗಿದ್ದು ಆ ಜಾತಿ, ಅದರ ಬಣ್ಣ ಅಲ್ಲ. ಬೇರೆ ಬೇರೆ ವಂಶ ಉಳಿಸುವುದು ಒಂದು ಕೆಲಸ. ಒಂದು ಗುಣಕ್ಕಾಗಿ ಅಣ್ಣ-ತಂಗಿಯನ್ನು ಕೂಡಿಸುವುದು ಅದರ ನೇರ ವಿರುದ್ಧದ ಕೆಲಸ. ಎರಡಕ್ಕೂ ಬ್ರೀಡಿಂಗ್ ಅಂತ ಒಂದೇ ಹೆಸರು ಇರುವುದೇ ಗೊಂದಲ.

ಹಾಗಾಗಿ ಮೂರು ಮಾತು. ಈಗಾಗಲೇ ಮನೆಯಲ್ಲಿ ಬೋವಾ, ಬಾಲ್ ಪೈಥಾನ್ ಇಟ್ಟುಕೊಂಡಿರುವ ಹುಡುಗರಿಗೆ: ನೋಂದಾಯಿಸಿ, ಮರಿ ಹುಟ್ಟಿದರೂ ಸತ್ತರೂ ದಾಖಲೆ ಕೊಡಿ, ಬೇಸರವಾದರೆ ದಯವಿಟ್ಟು ಕಾಡಿಗೆ ಬಿಡಬೇಡಿ. ಅದು ಪುಣ್ಯದ ಕೆಲಸ ಅಲ್ಲ. ಕೊಳ್ಳಬೇಕೆಂದು ಆಸೆ ಇರುವವರಿಗೆ: ಬೆಲೆ ಕೇಳುವ ಮುಂಚೆ ತಾಯಿ ಹಾವು ಎಲ್ಲಿಂದ ಬಂತು ಅಂತ ಕೇಳಿ. ಮಾರುವವನು ಕಾಗದ ತೋರಿಸದಿದ್ದರೆ ಅದು ಯಾವುದೋ ಟ್ರಾಲಿ ಬ್ಯಾಗಿನಲ್ಲಿ ಸಾಯದೆ ಉಳಿದ ಹಾವು ಅಂತಲೇ ತಿಳಿಯಿರಿ. ಇನ್ನು ಸರ್ಕಾರಕ್ಕೆ: ಪೋರ್ಟಲ್ ಮಾಡಿದರೆ ಮುಗಿಯಲಿಲ್ಲ. ಯಾರ ಮನೆಯಲ್ಲಿ ಎಷ್ಟಿದೆ ಅಂತ ಹೋಗಿ ನೋಡುವ ಅರಣ್ಯ ಸಿಬ್ಬಂದಿ, ಹಿಡಿದ ಹಾವನ್ನು ಇಡಲು ಜಾಗ, ಪರೀಕ್ಷೆ ಮಾಡುವ ಪಶುವೈದ್ಯರು ಬೇಕು.

ಮಲೆನಾಡಿನ ಹಾವಿಗೆ ಬೇಕಾಗಿರುವುದು ಇದಕ್ಕಿಂತ ಕಡಿಮೆ. ಜಗತ್ತಿನ ಹಾವುಗಳಲ್ಲಿ ದರಕು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುವುದು ಕಾಳಿಂಗ. ಬೇಸಿಗೆಯಲ್ಲಿ, ಮುಂಗಾರಿಗೆ ಮುಂಚೆ. ಮರಿ ಹೊರಗೆ ಬರುವುದು ಮಳೆಗಾಲದ ನಡುವೆ. ಅದೇ ಬೇಸಿಗೆಯಲ್ಲಿ ನಾವು ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುತ್ತೇವೆ, ಅದೇ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಇಲ್ಲಿನ ಎಷ್ಟೋ ಕೃಷಿಕರು ಈಗ ಬೆಟ್ಟದಲ್ಲಿ ಗೂಡು ಕಂಡರೆ ಅರಣ್ಯ ಇಲಾಖೆಗೋ ಉರಗ ರಕ್ಷಕರಿಗೋ ಫೋನ್ ಮಾಡಿ, ಆ ಒಂದು ಮೂಲೆ ಬಿಟ್ಟು ಗುಡಿಸುತ್ತಾರೆ. ಎರಡು ಮೂರು ತಿಂಗಳು ಆ ಕಡೆ ದನ ಬಿಡುವುದಿಲ್ಲ. ಇದಕ್ಕೆ ಯಾರೂ ಡಾಲರ್ ಕೊಡುವುದಿಲ್ಲ, 66 ಪರ್ಸೆಂಟ್ ಲೆಕ್ಕವೂ ಇಲ್ಲ. ಆದರೆ ಹಾವಿನ ತಳಿ ಉಳಿಸುವುದು ಅಂದರೆ ಏನು ಅಂತ ಯಾರಾದರೂ ನನ್ನನ್ನು ಕೇಳಿದರೆ, ಗುಡಿಸದೆ ಬಿಟ್ಟ ಆ ಮೂಲೆಯನ್ನೇ ತೋರಿಸುತ್ತೇನೆ.